‘ಒದ್ದೆ ಕೋಟು’ ಹಾಡಿನ ಮೇಲಿನ ಸ್ವರ

ಅಕ್ಟೋಬರ್ 1, ಮಂಗಳವಾರ. ಹ್ಯಾಲಿಫ್ಯಾಕ್ಸ್

ಎಲ್ಲರನ್ನೂ ಬಿಟ್ಟು ಡೀನ್! ಇಡೀ ಯಾರ್ಕ್‌ಶೈರ್‌ನಲ್ಲಿ ವ್ಯಾನ್ ಓಡಿಸುವ ಗಂಡಸು ಬೇರೆ ಒಬ್ಬನೂ ಇಲ್ಲವಂತೆ. ಬೆಳಿಗ್ಗೆ ಬ್ರಾನ್‌ವೆನ್ ಫೋನ್ ಮಾಡಿದಳು. ನನ್ನ ಖಾಯಂ ಡ್ರೈವರ್ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ನಾಡಿದ್ದು ಕಾರ್ಲೈಲ್‌ನಿಂದ ಪ್ರವಾಸ ಶುರು, ಡೀನ್ ಆಗಲೇ ಒಪ್ಪಿದ್ದಾನೆ ಎಂದಳು. ಹನ್ನೆರಡು ವರ್ಷದಿಂದ ನನ್ನ ಮ್ಯಾನೇಜರ್ ಅವಳು. ನನ್ನನ್ನು ಕೇಳಿ ನಿರ್ಧಾರ ಮಾಡಬೇಕು ಅನ್ನುವುದು ಅವಳಿಗೆ ಒಮ್ಮೆಯೂ ಹೊಳೆದಿಲ್ಲ.

“ಅವನು ನನ್ನ ಮಾಜಿ ಗಂಡ, ಬ್ರಾನ್‌ವೆನ್.”

“ಗೊತ್ತಮ್ಮ, ಮದುವೆಗೆ ಕೇಕ್ ತಂದವಳೇ ನಾನು. ಅವನ ಹತ್ರ ವ್ಯಾನ್ ಇದೆ. ನಿನ್ನ ಗಿಟಾರ್ ಶ್ರುತಿ ಮಾಡೋಕೆ ಬರತ್ತೆ. ನೀನು ಬೈದ್ರೂ ಅಳಲ್ಲ. ಇನ್ನೇನು ಬೇಕು ನಿಂಗೆ?”

ಇಪ್ಪತ್ತನಾಲ್ಕನೇ ತಾರೀಕು ಸಾಲ್ಫರ್ಡ್‌ನಲ್ಲಿ ರೇಡಿಯೋ ಕಾರ್ಯಕ್ರಮ ಇದೆ. ‘ಒದ್ದೆ ಕೋಟು’ ಬಂದು ಹದಿನೈದು ವರ್ಷವಾಯಿತಲ್ಲ, ಅದಕ್ಕೆ. ನೇರ ಪ್ರಸಾರ, ಜೊತೆಗೆ ಅವರದೇ ಪಿಯಾನೊ. ಆಮೇಲೆ ನಾನು ನಾಲ್ಕು ರೆಕಾರ್ಡು ಮಾಡಿದ್ದೇನೆ, ಅದರಲ್ಲಿ ಒಳ್ಳೆಯ ಹಾಡುಗಳಿವೆ, ಆದರೆ ಈ ದೇಶಕ್ಕೆ ಹೇಜಲ್ ಓಲ್ಡ್‌ರಾಯ್ಡ್ ಅಂದರೆ ಆ ಒಂದೇ ಹಾಡು. ಅದರಲ್ಲೂ ಕೊನೆಯ ಚರಣದ ಒಂದೇ ಸ್ವರ. ‘ಬಾಗಿಲು’ ಅನ್ನುವ ಪದ ಬಂದಾಗ ದನಿ ಇದ್ದಕ್ಕಿದ್ದಂತೆ ಮೇಲಕ್ಕೆ ಹಾರುತ್ತದೆಯಲ್ಲ, ಆ ಹಾರುವುದನ್ನು ಕೇಳಲೆಂದೇ ಜನ ಕೋಟು ಹಾಕಿಕೊಂಡು ಮನೆಯಿಂದ ಹೊರಡುತ್ತಾರೆ.

ಆಗಸ್ಟಿನಲ್ಲಿ ಗಂಟಲಿನ ಡಾಕ್ಟರ್ ಒಬ್ಬಳು ಹೇಳಿದ್ದಳು: ಸೋಂಕು ವಾಸಿಯಾಗಿದೆ, ಗಾಯವೇನೂ ಇಲ್ಲ, ಆದರೆ ನಲವತ್ತಮೂರಕ್ಕೆ ದನಿ ಕೆಳಗೆ ಬಂದು ಕೂರುತ್ತದೆ, ಆ ಮೇಲಿನ ಸ್ವರ ಮರಳಿ ಬರದೆಯೂ ಇರಬಹುದು. ಆಕೆಗೆ ಹಾಡಿನ ಬಗ್ಗೆ ಏನು ಗೊತ್ತು? ಆಕೆಯ ಗೋಡೆಯ ಮೇಲೆ ಬೆಕ್ಕಿನ ಮರಿಗಳ ಕ್ಯಾಲೆಂಡರ್ ಇತ್ತು. ಇದನ್ನು ಬ್ರಾನ್‌ವೆನ್‌ಗೆ ಹೇಳಿಲ್ಲ. ಯಾರಿಗೂ ಹೇಳುವುದಿಲ್ಲ.

ಅಕ್ಟೋಬರ್ 3, ಗುರುವಾರ. ಕಾರ್ಲೈಲ್

ವ್ಯಾನಿನಲ್ಲಿ ಮರದ ಪುಡಿಯ ವಾಸನೆ. ಈಗ ಅವನು ಅಡುಗೆಮನೆಯ ಕಪಾಟುಗಳನ್ನು ಮನೆಮನೆಗೆ ತಲುಪಿಸುತ್ತಾನಂತೆ. ಒಳ್ಳೆಯದೇ. ದಾರಿಯುದ್ದಕ್ಕೂ ಸ್ಟೀರಿಂಗ್ ಮೇಲೆ ಎರಡು ಬೆರಳಿನಲ್ಲಿ ತಾಳ ಹಾಕುತ್ತಲೇ ಬಂದ. ಅದನ್ನು ನಿಲ್ಲಿಸು ಎಂದೆ. ನಿಲ್ಲಿಸಿದ. ಐದು ನಿಮಿಷಕ್ಕೆ ಮೊಣಕಾಲಿನ ಮೇಲೆ ಶುರು ಮಾಡಿದ.

ಇವತ್ತು ನನ್ನ ತಪ್ಪಲ್ಲ, ಅದನ್ನು ಮೊದಲೇ ಬರೆದಿಡುತ್ತೇನೆ. ಮೈಕು ಹಳೆಯದು, ಯಾವನದೋ ಬಾಯಿಯ ಬಿಯರ್ ವಾಸನೆ ಹೊಡೆಯುತ್ತಿತ್ತು. ಕೋಣೆ ಚಳಿ. ಮುಂದಿನ ಸಾಲಿನಲ್ಲಿ ಒಬ್ಬ ಹಾಡಿನ ನಡುವೆ ಚಿಪ್ಸಿನ ಪೊಟ್ಟಣ ಬಿಡಿಸಿದ, ಅದೂ ನಿಧಾನವಾಗಿ, ಸದ್ದಾಗಬಾರದು ಎಂದು; ಹಾಗೆ ಬಿಡಿಸಿದರೆ ಹತ್ತು ಪಟ್ಟು ಸದ್ದು. ಇದರಲ್ಲೆಲ್ಲ ‘ಬಾಗಿಲು’ ಹಾರುವುದಾದರೂ ಹೇಗೆ? ಅರ್ಧ ದಾರಿಯಲ್ಲಿ ಗಾಳಿಯಾಗಿ ಹೋಯಿತು. ಜನಕ್ಕೆ ಗೊತ್ತಾಗದಂತೆ ತಲೆ ಅತ್ತ ತಿರುಗಿಸಿದೆ, ಏನೋ ಭಾವ ಬಂತು ಅನ್ನುವ ಹಾಗೆ.

ಸಾಮಾನು ತುಂಬುವಾಗ ಡೀನ್ ಕೆಮ್ಮಿದ. ಅವನು ಕೆಮ್ಮಿದರೆ ಏನೋ ಹೇಳುವುದಿದೆ ಎಂದೇ ಅರ್ಥ.

“ಹೇಜ್, ಒಂದ್ ಮಾತು. ಶ್ರುತಿನ ಅರ್ಧ ಮನೆ ಇಳಿಸಿ ಹಾಡಿದ್ರೆ ಹೇಗೆ?”

“ಏನಂದೆ?”

“ಅರ್ಧ ಮನೆ ಅಷ್ಟೇ. ಯಾರಿಗೂ ಗೊತ್ತಾಗಲ್ಲ. ಎಲ್ರೂ ಇಳಿಸ್ತಾರೆ ಕಣೇ, ವಯಸ್ಸಾಗ್ತಾ…”

ವಯಸ್ಸಾಗ್ತಾ! ಮುಂದಿನದನ್ನು ಹೇಳಲು ನಾನು ಬಿಡಲಿಲ್ಲ. ಕೂಗಾಡಿದೆ. ಆ ಹಾಡು ಇರುವುದು ಆ ಶ್ರುತಿಯಲ್ಲಿ, ಅಲ್ಲೇ ಇರುತ್ತದೆ, ಇಳಿಸುವ ಮಾತು ಇನ್ನೊಮ್ಮೆ ಎತ್ತಿದರೆ ಗಾಡಿಯಿಂದ ಇಳಿದು ನಡೆದುಹೋಗುತ್ತೇನೆ ಎಂದೆ. ಕೂಗಿದ್ದಕ್ಕೆ ಗಂಟಲು ಇನ್ನಷ್ಟು ಕೆಟ್ಟಿತು. ಅದೂ ಅವನದೇ ತಪ್ಪು.

ಅಕ್ಟೋಬರ್ 5, ಶನಿವಾರ. ಕೆಂಡಲ್

ಬಂತು! ಸ್ವರ ಬಂತು!

ಪೂರ್ತಿ ಸಲೀಸಾಗಿ ಅಲ್ಲ, ಅಂಚು ಸ್ವಲ್ಪ ಒರಟು, ಆದರೆ ಬಂತು, ಮೇಲೆ ಹೋಗಿ ನಿಂತಿತು. ಜನ ಆ ‘ಆಹ್’ ಅನ್ನುವ ಉಸಿರು ಬಿಟ್ಟರು. ಬೆಕ್ಕಿನ ಕ್ಯಾಲೆಂಡರಿನ ಡಾಕ್ಟರಮ್ಮ ಬಂದು ಕೇಳಬೇಕಿತ್ತು. ಕಾರಣ ಇಷ್ಟೇ, ಒಳ್ಳೆಯ ಮೈಕು, ಬೆಚ್ಚಗಿನ ಕೋಣೆ, ಎರಡು ದಿನ ಜೇನುತುಪ್ಪ.

ಡೀನ್ ಸ್ಟೇಜಿನ ಪಕ್ಕದಲ್ಲಿ ನಿಂತು ಪೆಚ್ಚುಮೋರೆ ಹಾಕಿಕೊಂಡು ಕೇಳುತ್ತಿದ್ದ. ಇಳಿದು ಬಂದು, “ಏನಪ್ಪಾ, ವಯಸ್ಸಾಯ್ತಾ ನಂಗೆ?” ಎಂದೆ. “ಇಲ್ಲಮ್ಮ, ಚೆನ್ನಾಗ್ ಹಾಡ್ದೆ” ಎಂದ. ಅಷ್ಟೇ. ಖುಷಿಪಡಲಿಕ್ಕೂ ಬಾರದ ಮನುಷ್ಯ.

ಅಕ್ಟೋಬರ್ 8, ಮಂಗಳವಾರ. ಸ್ಕಿಪ್ಟನ್

ಮತ್ತೆ ಬಂತು, ಮೊನ್ನೆಗಿಂತ ಸಲೀಸಾಗಿ. ಇಪ್ಪತ್ತೆಂಟರ ವಯಸ್ಸಿನಲ್ಲೂ ಇಷ್ಟು ಆರಾಮಾಗಿ ಹಾಡಿರಲಿಲ್ಲ ಅನ್ನಿಸುತ್ತದೆ. ಡೀನ್ ಹೊಸ ತಂತಿ ಹಾಕಿದ್ದಾನೆ, ಬೆರಳಿಗೆ ಮೆತ್ತಗಿವೆ, ಸ್ವಲ್ಪ ಜೋಲು ಅನ್ನಿಸಿತು. ಕೇಳಿದರೆ, “ಹವಾ ಹಾಗಿದೆ” ಎಂದ. ಇರಲಿ. ಶ್ರುತಿಯ ಕೆಲಸ ಮದುವೆಗೂ ಮುಂಚಿನಿಂದ ಅವನದೇ. ಆಗ ನನ್ನ ಹಾಡಿಗೆ ಡ್ರಮ್ ಬಾರಿಸುತ್ತಿದ್ದವನು ಅವನು; ಡ್ರಮ್ಮಿನವನಿಗೆ ಇಂಥ ಕಿವಿಯೇ ಎಂದು ಎಲ್ಲರೂ ತಮಾಷೆ ಮಾಡುತ್ತಿದ್ದರು. ಸ್ಟೇಜಿನ ಅಂಚಿಗೆ ಬಂದು ಕೈ ಚಾಚುತ್ತೇನೆ, ಗಿಟಾರ್ ಕೈಗೆ ಬರುತ್ತದೆ, ಹಾಡುತ್ತೇನೆ. ಮಿಣಮಿಣ ಅನ್ನುವ ಶ್ರುತಿಯ ಯಂತ್ರ ಎದುರಿಗಿಟ್ಟುಕೊಂಡು ತಂತಿ ತಿರುಚುತ್ತಾ ಜನರನ್ನು ಕಾಯಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಒಂದು ಜೋಡಿ ಬಂದು ಕೈ ಹಿಡಿದುಕೊಂಡಿತು. ಅವರ ಮದುವೆಯ ಮೊದಲ ಕುಣಿತ ಇದೇ ಹಾಡಿಗಂತೆ. ಗಂಡನನ್ನು ಬಿಟ್ಟು ಮಳೆಯಲ್ಲಿ ಹೊರಟುಹೋಗುವವಳ ಹಾಡು ಅದು! ಪದ ಯಾರಿಗೂ ಬೇಡ. ಆ ಒಂದು ಸ್ವರ ಸಾಕು, ಕಣ್ಣೀರು ಹಾಕಿಕೊಂಡು ಕೇಕು ಕತ್ತರಿಸುತ್ತಾರೆ.

ವ್ಯಾನಿನಲ್ಲಿ ಡೀನ್ ಕೇಳಿದ, “ರೇಡಿಯೋದಲ್ಲಿ ಪಿಯಾನೊ ನುಡಿಸೋರು ಯಾರು?”

“ಯಾರೋ ಒಬ್ಬಳು. ಯಾಕೆ?”

“ಅವ್ರಿಗೆ ಶ್ರುತಿ ಯಾವ್ದು ಅಂತ ಮುಂಚೇನೇ ಹೇಳಿರ್ತಾರಾ?”

“ರೆಕಾರ್ಡಿನಲ್ಲಿ ಇರೋದೇ ಶ್ರುತಿ. ಇದೇನು ಹೊಸ ತಲೆನೋವು ನಿಂದು?”

ಅವನು ಕೆಮ್ಮಿದ. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ.

ಅಕ್ಟೋಬರ್ 12, ಶನಿವಾರ. ರಿಪನ್

ಚರ್ಚಿನ ಸಭಾಂಗಣ. ಊಟಕ್ಕೆ ಯಾರದೋ ಮನೆಯ ಲೀಕ್ ಸೊಪ್ಪಿನ ಸೂಪು, ನಾಲ್ಕು ಊರಿನಲ್ಲಿ ಮೂರನೇ ಸಲ. ಪದ್ಯ ಹಾಡುವವಳು ಅಂದಕೂಡಲೇ ಇವಳಿಗೆ ಸೂಪು ಸಾಕು ಅಂದುಕೊಳ್ಳುತ್ತಾರೋ ಏನೋ. ಡೀನ್ ಎಲ್ಲಿಂದಲೋ ಹೋಗಿ ಹಂದಿಮಾಂಸದ ಪೈ ತಂದು ಅರ್ಧ ಮುರಿದು ಕೊಟ್ಟ. ಕೇಳಿರಲಿಲ್ಲ. ತಿಂದೆ.

ರೆಕಾರ್ಡು ಮಾರುವ ಮೇಜಿನ ಹಿಂದೆ ಅವನು ಕೂತರೆ ಅದು ಅಂಗಡಿಯಲ್ಲ, ಚಾವಡಿ. ಹೆಂಗಸರೆಲ್ಲ ಅವನ ಹತ್ತಿರ ತಮ್ಮ ಅಡುಗೆಮನೆಯ ಕಪಾಟಿನ ಬಾಗಿಲಿನ ತೊಂದರೆ ಹೇಳಿಕೊಳ್ಳುತ್ತಿದ್ದರು. ಒಬ್ಬಳಿಗೆ ನನ್ನ ರೆಕಾರ್ಡಿನ ಕವರ್ ಹಿಂದೆಯೇ ತಿರುಪಿನ ಅಳತೆ ಬರೆದುಕೊಟ್ಟಿದ್ದಾನೆ. ಮೈ ಪರಚಿಕೊಳ್ಳುವಂತಾಯಿತು. ಆಕೆ ಎರಡು ರೆಕಾರ್ಡು ಕೊಂಡಳು.

ಸ್ವರ ಬಂತು. ಈಗ ಅದನ್ನು ಬರೆಯುವುದೇ ಬೇಡ, ಬರುತ್ತದೆ ಅಷ್ಟೇ.

ದಾರಿಯಲ್ಲಿ ಅವನು ಮತ್ತೆ ರೇಡಿಯೋದ ಮಾತು ತೆಗೆದ. “ಅವತ್ತಿಗೆ ಮುಂಚೆ ಒಂದ್ಸಲ ಪಿಯಾನೊ ಜೊತೆ ಹಾಡಿ ನೋಡೋಣ ಹೇಜ್. ಹಡರ್ಸ್‌ಫೀಲ್ಡಲ್ಲಿ ನಮ್ಮಕ್ಕನ ಮನೇಲಿದೆ.” ನಿನ್ನ ಅಕ್ಕ ನನ್ನ ಮುಖಕ್ಕೆ ಬಾಗಿಲು ಹಾಕಿದವಳು, ಅವಳ ಪಿಯಾನೊ ಮುಟ್ಟುವುದಕ್ಕಿಂತ ಅದನ್ನು ಒಲೆಗೆ ಹಾಕುತ್ತೇನೆ ಎಂದೆ. ಅವನು ಉಸಿರು ಬಿಟ್ಟು, “ನಿಂಗೊಂದು ವಿಷ್ಯ ಹೇಳ್ಬೇಕು” ಎಂದ. “ಇವತ್ತು ಬೇಡ, ಗಂಟಲಿಗೆ ವಿಶ್ರಾಂತಿ” ಎಂದೆ. ಬೇರೆ ಯಾರನ್ನೋ ಮದುವೆಯಾಗುತ್ತಿರಬೇಕು. ಆಗಲಿ, ನನಗೇನು. ಆದರೆ ಪ್ರವಾಸದ ನಡುವೆ ಯಾಕೆ ಹೇಳಬೇಕು? ಮುಗಿದ ಮೇಲೆ ಹೇಳಬಾರದೇ?

ಅಕ್ಟೋಬರ್ 15, ಮಂಗಳವಾರ. ಡಾರ್ಲಿಂಗ್‌ಟನ್

ಅವನ ವ್ಯಾನಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ನೋಡಿದೆ, ಉಂಗುರ ಗಿಂಗುರ ಏನೂ ಇಲ್ಲ. ಪುದೀನ ಪೆಪ್ಪರ್‌ಮಿಂಟು, ತಿರುಪುಗಳು, ನನ್ನ ಗಂಟಲಿನ ಗುಳಿಗೆ. ಬೇರೆ ಬರೆಯುವಂಥದ್ದು ಏನೂ ನಡೆಯಲಿಲ್ಲ.

ಅಕ್ಟೋಬರ್ 20, ಭಾನುವಾರ. ಸಾಲ್ಟ್‌ಬರ್ನ್

ಸಿಟ್ಟು ಇನ್ನೂ ಇಳಿದಿಲ್ಲ. ಎಲ್ಲಾ ಬರೆಯುತ್ತೇನೆ.

ಸಮುದ್ರದ ದಂಡೆಯ ಪಬ್ಬಿನ ಮೇಲ್ಮಹಡಿಯಲ್ಲಿ ಭಾನುವಾರ ಮಧ್ಯಾಹ್ನದ ಜನಪದ ಹಾಡಿನ ಕ್ಲಬ್ಬು. ನಾನು ಜನಪದದವಳಲ್ಲ, ಇಂಥ ಕಡೆ ನನ್ನನ್ನು ಕಳಿಸಬೇಡ ಎಂದು ಬ್ರಾನ್‌ವೆನ್‌ಗೆ ಸಾವಿರ ಸಲ ಹೇಳಿದ್ದೇನೆ. ಕಾರಣ, ಈ ಜನ ಸುಮ್ಮನೆ ಕೂತು ಕೇಳುವವರಲ್ಲ. ಪಲ್ಲವಿ ಬಂತೋ, ಇಡೀ ಕೋಣೆ ಬಾಯಿ ತೆರೆಯುತ್ತದೆ; ಮೊದಲ ಸಲ ಕೇಳಿದ ಹಾಡಾದರೂ ಸರಿ, ಮೇಲೊಂದು ದನಿ ಕೆಳಗೊಂದು ದನಿ ಕಟ್ಟಿ ಹಾಡಿಬಿಡುತ್ತಾರೆ. ಹತ್ತು ವರ್ಷದ ನನ್ನ ಒಂಟಿತನವನ್ನು ನಾನು ಪಿಸುಗುಟ್ಟಿದರೆ ಉಣ್ಣೆಯ ಸ್ವೆಟರಿನ ಮೂವತ್ತು ಮಂದಿ ಅದನ್ನು ಹಡಗಿನವರ ಹಾಡಿನ ಹಾಗೆ ಮೊಳಗಿಸುತ್ತಾರೆ. ನಡುವೆ ಬಿಡುವಿನಲ್ಲಿ ಲಾಟರಿ ಚೀಟಿ, ಬಹುಮಾನಕ್ಕೆ ಬಿಸ್ಕತ್ತಿನ ಡಬ್ಬಿ.

ಮುಂದಿನ ಸಾಲಿನಲ್ಲಿ ಒಬ್ಬ ಮುದುಕ, ಹೆಸರು ವಿಲ್ಫ್, ಹಿಂದೆ ಮೀನುದೋಣಿಯಲ್ಲಿದ್ದವನು. ಬಿಡುವು ಮುಗಿದ ಮೇಲೆ ಚೀಲದಿಂದ ಕಾನ್ಸರ್ಟೀನಾ ಹೊರತೆಗೆದ, ಎರಡು ಕೈಯ ನಡುವೆ ಎಳೆದು ಒತ್ತಿ ನುಡಿಸುತ್ತಾರಲ್ಲ, ಅದು. ಅದನ್ನು ಕಂಡದ್ದೇ ಡೀನ್‌ನ ಮುಖ ಸುಣ್ಣದ ಹಾಗಾಯಿತು. ಹಿಂದಿನಿಂದ ಓಡಿಬಂದು ಮುದುಕನ ಪಕ್ಕ ಕುಕ್ಕರಿಸಿ ಕೂತು, “ಯಜಮಾನ್ರೇ, ಕೆಳಗೆ ಹೋಗಿ ಒಂದ್ ಲೋಟ ಕುಡಿಯೋಣ ಬನ್ನಿ, ನಾನು ಕೊಡಿಸ್ತೀನಿ” ಅನ್ನುತ್ತಿದ್ದಾನೆ. “ಸುಮ್ನಿರಪ್ಪ, ಅವಮ್ಮನ ಹಾಡು ಕೇಳ್ಬೇಕು ನಾನು” ಅಂತ ಮುದುಕ. ಇವನಿಗೇನು ಹುಚ್ಚು ಎಂದುಕೊಂಡು ‘ಒದ್ದೆ ಕೋಟು’ ಶುರು ಮಾಡಿದೆ.

ಪಲ್ಲವಿಗೆ ವಿಲ್ಫ್ ಕಾನ್ಸರ್ಟೀನಾ ಎಳೆದ. ನನಗೆ ಅಚ್ಚರಿ ಕೊಡಬೇಕೆಂದು ರೆಕಾರ್ಡು ಹಾಕಿಕೊಂಡು ಮನೆಯಲ್ಲಿ ಕಲಿತು ಬಂದಿದ್ದನಂತೆ. ದೇವರೇ, ಆ ಸದ್ದು! ಎರಡು ರೈಲು ಉಜ್ಜಿಕೊಂಡು ಹೋದ ಹಾಗೆ. ಹಾಡು ನಿಲ್ಲಿಸಿದೆ. ಆದಷ್ಟು ನಯವಾಗಿಯೇ ಹೇಳಿದೆ, “ಅಜ್ಜ, ನಿಮ್ಮ ಪೆಟ್ಟಿಗೆ ಶ್ರುತಿ ತಪ್ಪಿದೆ.”

“ಇದಾ?” ಎಂದ ಮುದುಕ. ಬೇಸರವಿಲ್ಲ ಅವನಿಗೆ, ಬರೀ ಬೆರಗು. “ಇದರ ಶ್ರುತಿ ತಪ್ಪಿಸ್ಬೇಕಂದ್ರೆ ಸುತ್ತಿಗೇಲಿ ಹೊಡೀಬೇಕು ಕಣವ್ವ. ಒಳಗಿರೋದು ಉಕ್ಕಿನ ನಾಲಿಗೆ.”

“ಹಾಗಾದ್ರೆ ನಾನು ತಪ್ಪಾ?”

ಆಗ ಕಿಟಕಿ ಹತ್ತಿರದ ಒಬ್ಬ ಹೆಂಗಸು, ಚರ್ಚಿನ ಗಾಯನವೃಂದ ನಡೆಸುವವಳಂತೆ, ಕೈಚೀಲದಿಂದ ಶ್ರುತಿಯ ಪೀಪಿ ತೆಗೆದು ಊದಿದಳು. ಮುದುಕ ಅದೇ ಸ್ವರ ಒತ್ತಿದ. ಎರಡೂ ಒಂದೇ. ನಾನು ತಂತಿ ಮೀಟಿದೆ. ಕೆಳಗಿತ್ತು. ಸ್ವಲ್ಪ ಅಲ್ಲ, ಒಂದು ಮನೆ ಪೂರ್ತಿ ಕೆಳಗೆ. ಕೋಣೆಯಲ್ಲಿದ್ದವರೆಲ್ಲ ಹಾಡುವ ಜನ, ಒಬ್ಬೊಬ್ಬರಿಗೂ ಗೊತ್ತಾಯಿತು. ಡೀನ್ ತನ್ನ ಬೂಟನ್ನು ನೋಡುತ್ತಿದ್ದ.

ವಿಲ್ಫ್ ಪೆಟ್ಟಿಗೆಯನ್ನು ಮಡಿಲಲ್ಲಿ ಮಲಗಿಸಿ, “ಹಾಡವ್ವ ನೀನು, ಎಲ್ಲಿದ್ರೂ ಚೆನ್ನಾಗೈತೆ” ಎಂದ. ಹೇಗೋ ಮುಗಿಸಿದೆ. ಪಲ್ಲವಿಗೆ ಎಲ್ಲರೂ ದನಿ ಕೂಡಿಸಿದರು. ಅವರ ಕರುಣೆ ಕಂಡು ಇನ್ನೂ ಮೈ ಉರಿಯಿತು.

ಆಮೇಲೆ ದಂಡೆಯ ಗೋಡೆಯ ಹತ್ತಿರ, ಆ ಗಾಳಿಯಲ್ಲಿ, ಅವನನ್ನು ಹಿಡಿದೆ.

“ಯಾವಾಗಿಂದ?”

“ಕೆಂಡಲ್.”

“ಎಷ್ಟು?”

“ಅಲ್ಲಿ ಅರ್ಧ ಮನೆ. ಸ್ಕಿಪ್ಟನ್ನಲ್ಲಿ ಇನ್ನರ್ಧ.”

“ಬೇಡ ಅಂದಿದ್ದೆ ನಾನು! ಕೂಗಿ ಹೇಳಿದ್ದೆ!”

“ಹೂಂ, ಕೂಗಿದ್ದೆ. ಕಾರ್ಲೈಲಲ್ಲಿ ನೀನು ಮುಖ ತಿರುಗಿಸ್ಕೊಂಡಾಗ ನಾನು ಪಕ್ಕದಲ್ಲೇ ನಿಂತಿದ್ದೆ ಕಣೇ. ಜನ್ರಿಗೆ ಕಾಣ್ಲಿಲ್ಲ. ನಂಗೆ ಕಾಣ್ತು. ಅದನ್ನ ಇನ್ನೊಂದ್ಸಲ ನೋಡೋಕಾಗಲ್ಲ ಅನ್ನಿಸ್ತು.”

“ಅದಕ್ಕೆ ನನ್ನ ಪೆದ್ದಿ ಮಾಡ್ದೆ. ಸ್ವರ ಬಂತು ಬಂತು ಅಂತ ನಾನು ಕುಣೀತಿದ್ರೆ ನೋಡ್ತಾ ನಿಂತಿದ್ದೆ.”

“ಹೇಳೋಕೆ ಎಷ್ಟ್ ಸಲ ಬಾಯಿ ತೆಗ್ದೆ. ನೀನು ಬಿಟ್ರೆ ತಾನೆ? ರೇಡಿಯೋದವ್ರ ಪಿಯಾನೊನ ನಾನು ಇಳಿಸೋಕಾಗತ್ತಾ? ಅದನ್ನೇ ನೆನೆಸ್ಕೊಂಡು ವಾರದಿಂದ ಊಟ ಸೇರ್ತಿಲ್ಲ.”

“ನಿನ್ನ ಬಿಟ್ಟಿದ್ದೇ ಇದಕ್ಕೆ. ನಂಗೆ ಒಳ್ಳೇದಾಗ್ಲಿ ಅಂತ ಎಲ್ಲಾ ನನ್ನ ಬೆನ್ನ ಹಿಂದೆ ಮಾಡೋದು!”

“ಬಿಟ್ಟುಹೋಗಿದ್ದು ನಾನು, ಹೇಜ್.”

“ಹೋಗು ಅಂದಿದ್ದು ಯಾರು?”

ವ್ಯಾನ್ ತಗೊಂಡು ಮನೆಗೆ ಹೋಗು, ನಿನ್ನ ಮುಖ ತೋರಿಸಬೇಡ ಎಂದೆ. ಗಿಟಾರ್ ಇಳಿಸಿಕೊಟ್ಟ. ನನ್ನ ಪೆಟ್ಟಿಗೆಯನ್ನು ರೈಲು ನಿಲ್ದಾಣದ ತನಕ ತಂದುಕೊಡಲೇ ಎಂದು ಕೇಳಿದ. ಬೇಡ ಎಂದೆ. ಏರುದಾರಿಯಲ್ಲಿ ಅದನ್ನು ಎಳೆದುಕೊಂಡು ಹೋಗುವಾಗ ಚಕ್ರ ಕಿತ್ತುಬಂತು.

ಅಕ್ಟೋಬರ್ 22, ಮಂಗಳವಾರ. ಹೆಬ್ಡೆನ್ ಬ್ರಿಜ್

ಸೌಂಡಿನವನ ಶ್ರುತಿಯಂತ್ರ ಇಸಿದುಕೊಂಡು ನಾನೇ ತಂತಿ ಏರಿಸಿದೆ, ಎಲ್ಲಿರಬೇಕೋ ಅಲ್ಲಿಗೆ. ತಂತಿಗಳು ಬೆರಳನ್ನು ಕೊಯ್ದವು. ಸರಿಯಾದ ಮೈಕು. ಬೆಚ್ಚಗಿನ ಕೋಣೆ. ಯಾರೂ ಏನೂ ತಿನ್ನಲಿಲ್ಲ. ಜೇನುತುಪ್ಪ, ಶುಂಠಿ, ಎರಡು ದಿನ ಮೌನ, ಎಲ್ಲಾ ಆಗಿತ್ತು.

ಬರಲಿಲ್ಲ.

ಗಾಳಿಯೂ ಅಲ್ಲ ಈ ಸಲ. ದನಿ ಒಡೆಯಿತು, ಎಲ್ಲರಿಗೂ ಕೇಳುವ ಹಾಗೆ. ತಲೆ ತಿರುಗಿಸಲಿಕ್ಕೂ ಹೊತ್ತು ಸಿಗಲಿಲ್ಲ. ಒಂದು ಕ್ಷಣ ಬಿಟ್ಟು ಜನ ಚಪ್ಪಾಳೆ ತಟ್ಟಿದರು, ಎದ್ದು ನಿಂತು. ಬಿದ್ದ ಮಗುವಿಗೆ ತಟ್ಟುವ ಚಪ್ಪಾಳೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸ್ಟೇಜಿನ ಅಂಚಿಗೆ ಬಂದು ಗಿಟಾರ್ ಚಾಚಿದೆ. ತೆಗೆದುಕೊಳ್ಳಲು ಯಾರೂ ಇರಲಿಲ್ಲ.

ಅಕ್ಟೋಬರ್ 23, ಬುಧವಾರ. ಹ್ಯಾಲಿಫ್ಯಾಕ್ಸ್

ಬ್ರಾನ್‌ವೆನ್‌ಗೆ ಫೋನ್ ಮಾಡಿ ರೇಡಿಯೋ ಬೇಡ, ಜ್ವರ ಎಂದು ಹೇಳು ಎಂದೆ. ಅವಳು “ನಿಜವಾಗ್ಲೂ ಜ್ವರಾನಾ?” ಎಂದಳು. ಅಲ್ಲ ಎಂದೆ. ಡಾಕ್ಟರ್ ಹೇಳಿದ್ದನ್ನು, ಡೀನ್ ಕದ್ದು ತಂತಿ ಇಳಿಸಿದ್ದನ್ನು, ಎಲ್ಲಾ ಹೇಳಿದೆ. ಆಗಸ್ಟಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದು ಎರಡು ನಿಮಿಷದಲ್ಲಿ ಮುಗಿಯಿತು.

“ಡೀನ್‌ಗೂ ಹೇಳಿರ್ಲಿಲ್ವಾ?”

“ಇಲ್ಲ.”

“ಮತ್ತೆ ಅವನಿಗೆ ಹೇಗ್ ಗೊತ್ತಾಯ್ತು?”

ಹೇಗೆ ಅಂದರೆ ಏನು ಹೇಳುವುದು? ಕೇಳಿಸಿಕೊಂಡ, ಗೊತ್ತಾಯಿತು.

“ನಾಳೆ ಬೆಳಿಗ್ಗೆ ತನಕ ಟೈಮ್ ತಗೋ. ಆಮೇಲೂ ಬೇಡ ಅನ್ಸಿದ್ರೆ ಜ್ವರ ಬರ್ಸೋಣ” ಎಂದಳು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು ಕೇಳಿ ಮಾಡಿದ ಮೊದಲ ತೀರ್ಮಾನ ಇದು.

ಈ ಹಾಡನ್ನು ಎಷ್ಟು ಬೈದಿದ್ದೇನೆ! ಬೇರೆ ಏನನ್ನೂ ಕೇಳಗೊಡದ ಹಾಡು, ನನ್ನನ್ನು ತಿಂದುಹಾಕಿದ ಹಾಡು. ಈಗ ಅದು ಹೋಗುತ್ತಿದೆ ಅಂದರೆ ಹೆದರಿಕೆ. ಅದೊಂದು ಇಲ್ಲದಿದ್ದರೆ ನನ್ನನ್ನು ಯಾರು, ಯಾಕೆ ಕರೆಯಬೇಕು?

ಅಕ್ಟೋಬರ್ 24, ಗುರುವಾರ. ಸಾಲ್ಫರ್ಡ್

ಹೋದೆ. ಜ್ವರ ಬಂದಿದ್ದರೆ ಹೋಗುತ್ತಿರಲಿಲ್ಲ, ಬರಲಿಲ್ಲ.

ಪಿಯಾನೊದ ಹುಡುಗಿಯ ಹೆಸರು ಫೆನೆಲ. ಇಪ್ಪತ್ತೈದು ಇರಬಹುದು, ಕಾಲಿಗೆ ಬೇರೆ ಬೇರೆ ಬಣ್ಣದ ಕಾಲುಚೀಲ. “ಈ ಹಾಡು ನಮ್ಮಮ್ಮಂಗೆ ಪ್ರಾಣ ಮೇಡಂ” ಎಂದಳು. ನಮ್ಮಮ್ಮಂಗೆ! ಆಮೇಲೆ ಮಾಮೂಲಿ ವಿಷಯ ಎಂಬಂತೆ, “ಯಾವ ಶ್ರುತಿ?” ಎಂದು ಕೇಳಿದಳು.

“ರೆಕಾರ್ಡಿನಲ್ಲಿ ಇರೋದು ಗೊತ್ತಲ್ಲ.”

“ಗೊತ್ತು. ಈಗ ನಿಮಗೆ ಯಾವ್ದು?”

ಹತ್ತು ನಿಮಿಷ ಕೊಡು ಎಂದು ಗಿಟಾರ್ ಎತ್ತಿಕೊಂಡು, ಶೌಚಾಲಯದ ಪಕ್ಕದ ಸಾಮಾನಿನ ಕೋಣೆಯಲ್ಲಿ ಪೊರಕೆಗಳ ನಡುವೆ ಕೂತೆ. ಬಿರಡೆ ತಿರುಗಿಸಿ ಅರ್ಧ ಮನೆ ಇಳಿಸಿದೆ. ಮೆಲ್ಲಗೆ ಹಾಡಿದೆ. ಸ್ವರ ಬಂತು, ತಿಣುಕಿಕೊಂಡು. ಒಂದು ಮನೆಗೆ ಇಳಿಸಿದೆ. ಬಂತು, ಸಾಲ್ಟ್‌ಬರ್ನ್ ತನಕ ಬಂದ ಹಾಗೆಯೇ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಅಲ್ಲಿ ಹಾಡುವಾಗಲೂ ನಾನು ಹಳೆಯ ರೆಕಾರ್ಡನ್ನು ಅನುಕರಣೆ ಮಾಡುತ್ತಿದ್ದೇನೆ ಅನ್ನಿಸಿತು, ಹಾರುವ ಮುಂಚಿನ ಆ ಸಣ್ಣ ಎಳೆತ, ಹುಡುಗಿಯ ಎಳೆತ. ಇನ್ನೂ ಅರ್ಧ ಮನೆ ಇಳಿಸಿದೆ. ಈಗ ‘ಬಾಗಿಲು’ ಹಾರುವುದೇ ಇಲ್ಲ. ನಾನು ಫೋನಿನಲ್ಲಿ ಮಾತಾಡುವ ದನಿಯಲ್ಲೇ ಬಂದು, ಒಂದು ಮೆಟ್ಟಿಲು ಹತ್ತಿದ ಹಾಗೆ ಹತ್ತಿ, ಅಲ್ಲಿ ನಿಂತುಕೊಳ್ಳುತ್ತದೆ. ಬಿಟ್ಟುಹೋಗುವವಳು ಕೂಗಿ ಹೇಳುತ್ತಿದ್ದ ಮಾತನ್ನು ಈಗ ಬಟ್ಟೆ ಮಡಚುತ್ತಾ ಹೇಳಿದ ಹಾಗಿತ್ತು.

ಅತ್ತೆ. ಪೊರಕೆಗಳ ನಡುವೆ, ಸಿಟ್ಟಿಗೋ ಏನಕ್ಕೋ.

ಫೆನೆಲಗೆ ಹೇಳಿದೆ. ಅವಳು ಕಣ್ಣು ಮುಚ್ಚಿ ಅಲ್ಲೇ ನುಡಿಸಿ ನೋಡಿ, “ಓ, ಇದು ಬೇರೇನೇ ಹಾಡು” ಎಂದಳು.

ನಿರೂಪಕ ಮಾತುಗಾರ. ಆ ಪ್ರಸಿದ್ಧ ಸ್ವರ, ಎಲ್ಲರೂ ಕಾಯುವ ಸ್ವರ, ಕೇಳುಗರೇ ಉಸಿರು ಬಿಗಿಹಿಡಿಯಿರಿ ಎಂದು ಪೀಠಿಕೆ ಹಾಕುತ್ತಲೇ ಹೋದ. ನನಗೆ ತಡೆಯಲಾಗಲಿಲ್ಲ.

“ಉಸಿರು ಬಿಗಿಹಿಡಿಯೋದು ಬೇಡ,” ಎಂದೆ. “ಆ ಸ್ವರ ಈಗ ನನ್ನ ಹತ್ರ ಇಲ್ಲ. ಹೋಯ್ತು. ಮೊನ್ನೆ ಹೆಬ್ಡೆನ್ ಬ್ರಿಜ್‌ನಲ್ಲಿ ಎಲ್ಲರ ಎದುರಿಗೇ ಹೋಯ್ತು. ಹಾಡು ಇದೆ. ಒಂದೂವರೆ ಮನೆ ಕೆಳಗೆ ಹಾಡ್ತೀನಿ, ಬೇಕಾದವರು ಕೇಳಿ.”

ಗಾಜಿನ ಆಚೆ ಬ್ರಾನ್‌ವೆನ್ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ನಿರೂಪಕನಿಗೆ ಜನ್ಮದಲ್ಲಿ ಮೊದಲ ಸಲ ಮಾತು ನಿಂತಿರಬೇಕು. ಫೆನೆಲ ಶುರು ಮಾಡಿದಳು. ಹಾಡಿದೆ.

ಹೇಗಿತ್ತು ಎಂದು ಬರೆಯಲು ಗೊತ್ತಾಗುತ್ತಿಲ್ಲ. ತಲೆ ತಿರುಗಿಸಲಿಲ್ಲ, ಅಷ್ಟು ಗೊತ್ತು. ಮುಗಿದ ಮೇಲೆ ನಿರೂಪಕ, ಪದಗಳನ್ನು ತಾನು ಇವತ್ತೇ ಕೇಳಿದ್ದು ಎಂದ. ಹದಿನೈದು ವರ್ಷ ಬೇಕಾಯಿತು ಮಹಾರಾಯನಿಗೆ.

ಕಾರಿಡಾರಿಗೆ ಬರುವಷ್ಟರಲ್ಲಿ ಫೋನ್. ಡೀನ್.

“ವ್ಯಾನ್ ನಿಲ್ಸಿ ಕೇಳ್ದೆ,” ಎಂದ. ದನಿ ಸರಿ ಇರಲಿಲ್ಲ ಅವನದು. “ಒಂದೂವರೆ ಇಳಿಸಿದ್ಯಾ?”

“ಹೂಂ.”

“ನಂಗೆ ಒಂದರ ಮೇಲೆ ಧೈರ್ಯ ಬರ್ಲಿಲ್ಲ ಹೇಜ್.”

“ಗೊತ್ತು. ಅದಕ್ಕೆ ನಂಗೆ ಹೇಳ್ಬೇಕಾಗಿತ್ತು ನೀನು.”

“ಹೇಳ್ಬೇಕಾಗಿತ್ತು. ತಪ್ಪಾಯ್ತು ಕಣೇ.”

ಅವನು ಕೆಮ್ಮಲಿಲ್ಲ, ತಿರುಗಿಸಿ ಮುರುಗಿಸಿ ಏನೂ ಹೇಳಲಿಲ್ಲ. ಅವನ ಜೊತೆ ಬಾಳಿದ ಅಷ್ಟು ವರ್ಷದಲ್ಲಿ ಹೀಗೆ ನೇರವಾಗಿ ಒಂದು ಮಾತು ಕೇಳಿದ ನೆನಪಿಲ್ಲ. ನಾನೂ ಹೇಳಿದೆ, ಬಾಯಿ ತೆಗೆಯಲು ಬಿಡದೆ ಇದ್ದದ್ದು ನಾನು ಎಂದು. ಆ ಕಡೆ ಸ್ಟೀರಿಂಗ್ ಮೇಲೆ ಬೆರಳಿನ ತಾಳ ಕೇಳಿಸುತ್ತಿತ್ತು.

“ಶನಿವಾರ ಲ್ಯಾಂಕಾಸ್ಟರ್ ಇದೆಯಲ್ಲ,” ಎಂದ. “ಗಾಡಿ ಯಾರು ಓಡಿಸ್ತಾರೆ?”

“ನೀನು. ಆದ್ರೆ ಗಿಟಾರ್ ಮುಟ್ಟೋ ಹಾಗಿಲ್ಲ. ಶ್ರುತಿ ನಾನೇ ಮಾಡ್ಕೋತೀನಿ.”

“ಜನ ಕಾಯ್ಬೇಕಾಗತ್ತೆ.”

“ಕಾಯ್ಲಿ.”

ಹತ್ತಕ್ಕೆ ಬರುತ್ತೇನೆ ಎಂದಿದ್ದಾನೆ. ಹತ್ತಕ್ಕೆ ಎಲ್ಲಿ, ಒಂಬತ್ತೂವರೆಗೇ ಬಂದು ಇಡೀ ಬೀದಿ ಎದ್ದು ನೋಡುವಂತೆ ಹಾರ್ನ್ ಹೊಡೆಯುತ್ತಾನೆ, ಆ ಬುದ್ಧಿ ಬಿಡುವವನಲ್ಲ. ಬಂದವನು ಚಹಾ ಇಲ್ಲದೆ ಹೊರಡುವ ಪೈಕಿಯೂ ಅಲ್ಲ. ಮನೆಯಲ್ಲಿ ಹಾಲು ಬೇರೆ ಮುಗಿದಿದೆ, ನಾಳೆ ತರಬೇಕು.